ಸೇತುವೆಯಾಚೆಯ ಬಾಡಿಗೆ

ಊರಿನ ನಡು ಎಲ್ಲಿದೆ ಎಂದು ಕೇಳಿದರೆ ಯಾರಾದರೂ ತಟ್ಟನೆ ಹೇಳುತ್ತಾರೆ. ನ್ಯೂಯಾರ್ಕಿನಿಂದ ಇಷ್ಟು ಮೈಲಿ ಎನ್ನುವಾಗ ರೂಢಿಯಲ್ಲಿ ಅಳತೆ ಶುರುವಾಗುವುದು ಕೊಲಂಬಸ್ ಸರ್ಕಲ್ಲಿನಿಂದ. ಬೆಂಗಳೂರಿನವರಲ್ಲಿ ಒಬ್ಬರು ಮೆಜೆಸ್ಟಿಕ್ ಎನ್ನುತ್ತಾರೆ, ಇನ್ನೊಬ್ಬರು ಕಾರ್ಪೊರೇಷನ್ ಎನ್ನುತ್ತಾರೆ, ದಂಡಿನ ಕಡೆಯವರು ಎಂ.ಜಿ. ರಸ್ತೆಯನ್ನು ಬಿಟ್ಟುಕೊಡುವುದಿಲ್ಲ. ಆದರೆ ಆ ನಡು ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿ ನೋಡಿ, ಎಲ್ಲರೂ ತಡವರಿಸುತ್ತಾರೆ. ಕೆಂಪೇಗೌಡರ ನಾಲ್ಕು ಗೋಪುರಗಳು ಊರಿನ ಎಲ್ಲೆ ಎಂದು ಶಾಲೆಯಲ್ಲಿ ಓದಿದೆವು. ಇವತ್ತು ಲಾಲ್‌ಬಾಗಿನ ಬಂಡೆಯ ಮೇಲಿನ ಗೋಪುರವೂ ಹಲಸೂರು ಕೆರೆಯ ಬಳಿಯ ಗೋಪುರವೂ ಊರಿನ ಹೊಟ್ಟೆಯೊಳಗೆ ಸೇರಿಹೋಗಿವೆ. ಭೂಪಟ ಈ ವಿಷಯದಲ್ಲಿ ನೆರವಿಗೆ ಬರುವುದಿಲ್ಲ. ನಡುವಿನ ಅಂಚು ಕರಾರುವಾಕ್ಕಾಗಿ ಗೊತ್ತಿರುವುದು ಬಾಡಿಗೆಗೆ ಗಾಡಿ ಓಡಿಸುವವರಿಗೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾವು ಹೇಳಿದ ಜಾಗದ ಹೆಸರು ಕೇಳಿ, "ಆ ಕಡೆ ಬರಲ್ಲ" ಎಂದು ಅವರು ಹೊರಟುಹೋದರೆ, ನಾವು ಹೋಗಬೇಕಾದ ಮನೆ ನಗರದ ನಡುವಿನಲ್ಲಿಲ್ಲ ಎಂದು ಅರ್ಥ.

ಈ "ಬರಲ್ಲ"ವನ್ನು ಪ್ರಯಾಣಿಕನ ಕಡೆಯಿಂದ ಬೈದವರು ಬಹಳ. ಅದರ ಮೇಲೆ ಒಳ್ಳೆಯ ಕಲೆ ಹುಟ್ಟಿದ್ದು ಕಡಿಮೆ. ನಾನು ಬಲ್ಲಂತೆ ಅದನ್ನು ಕಥೆಯ ಬೀಜವಾಗಿಯೇ ಬಳಸಿಕೊಂಡ ಸಿನಿಮಾ ಒಂದು: ಜಿಮ್ ಜಾರ್ಮುಶ್ 1991ರಲ್ಲಿ ಮಾಡಿದ 'ನೈಟ್ ಆನ್ ಅರ್ಥ್'. ಒಂದೇ ರಾತ್ರಿ, ಐದು ಊರುಗಳು, ಐದು ಟ್ಯಾಕ್ಸಿಗಳು: ಲಾಸ್ ಏಂಜಲಿಸ್, ನ್ಯೂಯಾರ್ಕ್, ಪ್ಯಾರಿಸ್, ರೋಮ್, ಹೆಲ್ಸಿಂಕಿ. ಇವುಗಳಲ್ಲಿ ಜನ ಹೆಚ್ಚು ನೆನಪಿಟ್ಟುಕೊಂಡು ನಗುವುದು ನ್ಯೂಯಾರ್ಕಿನ ಕಂತನ್ನು. ಮೂವತ್ತು ವರ್ಷ ದಾಟಿದರೂ ಅದರ ನಗು ಮಾಸಿಲ್ಲ. ಆದರೆ ಆ ನಗುವಿನೊಳಗೆ ಒಂದು ಲೆಕ್ಕ ಅಡಗಿದೆ, ಸಿನಿಮಾ ಅದನ್ನು ಅರ್ಧ ಬಿಚ್ಚಿ ಅರ್ಧ ಮುಚ್ಚಿಬಿಡುತ್ತದೆ ಎಂಬುದು ನನ್ನ ವಾದ. ಮುಚ್ಚಿದ ಆ ಅರ್ಧವನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಕಥೆ ಇಷ್ಟು. ಮೂಳೆ ಕೊರೆಯುವ ಚಳಿಯ ರಾತ್ರಿ. ಯೋಯೋ ಎಂಬ ಕಪ್ಪು ಯುವಕ (ಜಿಯಾನ್‌ಕಾರ್ಲೋ ಎಸ್ಪೊಸಿಟೊ) ಮ್ಯಾನ್‌ಹಟನ್ನಿನ ಬೀದಿಯಲ್ಲಿ ನಿಂತು ಹಳದಿ ಟ್ಯಾಕ್ಸಿಗಳಿಗೆ ಕೈ ಮಾಡುತ್ತಿದ್ದಾನೆ. ಅವನು ಹೋಗಬೇಕಾದದ್ದು ಬ್ರೂಕ್ಲಿನ್ನಿನ ತನ್ನ ಮನೆಗೆ. ಗಾಡಿಗಳು ನಿಲ್ಲುವುದಿಲ್ಲ. ಜೇಬಿನ ನೋಟು ತೆಗೆದು ಎತ್ತಿ ತೋರಿಸುತ್ತಾನೆ, ಆಗಲೂ ಇಲ್ಲ. ಒಂದು ನಿಲ್ಲುತ್ತದೆ, "ಬ್ರೂಕ್ಲಿನ್" ಎಂಬ ಶಬ್ದ ಕೇಳಿದೊಡನೆ ಹೊರಟುಹೋಗುತ್ತದೆ. ಕೊನೆಗೆ ಮುಗ್ಗರಿಸುತ್ತ, ಕುಲುಕುತ್ತ ಒಂದು ಟ್ಯಾಕ್ಸಿ ಬಂದು ನಿಲ್ಲುತ್ತದೆ. ಓಡಿಸುವವನು ಹೆಲ್ಮುಟ್, ಪೂರ್ವ ಜರ್ಮನಿಯಿಂದ ಬಂದವನು, ಅಲ್ಲಿ ಸರ್ಕಸ್ಸಿನ ವಿದೂಷಕನಾಗಿದ್ದವನು. ಅವನಿಗೆ ಆಟೋಮ್ಯಾಟಿಕ್ ಗಾಡಿ ಗೊತ್ತಿಲ್ಲ, ಊರು ಗೊತ್ತಿಲ್ಲ, ಭಾಷೆಯೂ ಅಷ್ಟಕ್ಕಷ್ಟೆ. ನೋಡಿ ನೋಡಿ ಸಾಕಾಗಿ ಯೋಯೋ ತಾನೇ ಸ್ಟಿಯರಿಂಗ್ ಹಿಡಿಯುತ್ತಾನೆ. ಪ್ರಯಾಣಿಕ ಓಡಿಸುತ್ತಾನೆ, ಚಾಲಕ ಪಕ್ಕದಲ್ಲಿ ಕೂತು ಊರು ನೋಡುತ್ತಾನೆ. ಹೆಲ್ಮುಟ್ ಆಗಿ ನಟಿಸಿದ ಆರ್ಮಿನ್ ಮ್ಯೂಲರ್-ಸ್ಟಾಲ್ ನಿಜವಾಗಿಯೂ ಪೂರ್ವ ಜರ್ಮನಿಯ ಚಿತ್ರರಂಗದಲ್ಲಿ ದೊಡ್ಡ ಹೆಸರು ಮಾಡಿ, 1980ರಲ್ಲಿ ಪಶ್ಚಿಮಕ್ಕೆ ಬಂದವರು. ಬೇರು ಕಿತ್ತುಕೊಂಡು ಬಂದವನ ಮುಖ ಅವರಿಗೆ ವೇಷ ಹಾಕದೆ ದಕ್ಕಿದೆ. ಹೊರದೇಶದಲ್ಲಿ ನೆಲೆಸಿದ ನಮಗೆ ಆ ಮುಖದ ಪರಿಚಯ ಬೇರೆಯವರಿಗಿಂತ ಬೇಗ ಆಗುತ್ತದೆ.

ಮೊದಲ ಕೆಲವು ನಿಮಿಷಗಳನ್ನು ಗಮನವಿಟ್ಟು ನೋಡಿದರೆ ಅಲ್ಲಿರುವುದು ಒಂದು ನಿರಾಕರಣೆಯಲ್ಲ, ಎರಡು. ಮೊದಲಿನ ಗಾಡಿಗಳು ಅವನನ್ನು ಎಲ್ಲಿಗೆ ಎಂದು ಕೇಳಿಯೇ ಇಲ್ಲ. ಅವು ನೋಡಿದ್ದು ಅವನ ಚರ್ಮವನ್ನು. ನಿಂತು ಹೊರಟ ಗಾಡಿಗೆ ಚರ್ಮದ ತಕರಾರಿರಲಿಲ್ಲ, ಅದಕ್ಕೆ ಬೇಡವಾದದ್ದು ಸೇತುವೆಯಾಚೆಯ ವಿಳಾಸ. ಜಾರ್ಮುಶ್ ಒಂದು ಮಾತೂ ವಿವರಣೆ ಕೊಡದೆ ಈ ಎರಡನ್ನೂ ಒಂದರ ಹಿಂದೆ ಒಂದು ಇಟ್ಟಿದ್ದಾರೆ. ಬೀದಿಯಲ್ಲಿ ನಿಂತವನಿಗೆ ಎರಡರ ಫಲವೂ ಒಂದೇ, ಚಳಿಯಲ್ಲಿ ಕಾಯುವುದು. ಆದರೆ ಎರಡರ ಬೇರು ಬೇರೆ ಬೇರೆ. ಟ್ಯಾಕ್ಸಿಯವರ ಬಗ್ಗೆ ನಡೆಯುವ ಮುಕ್ಕಾಲು ಪಾಲು ವಾದಗಳು ದಾರಿ ತಪ್ಪುವುದು ಇವೆರಡನ್ನು ಕಲಸಿಬಿಡುವುದರಿಂದ.

ಈಗ ಹಾಸ್ಯದ ಕೀಲಿ ಎಲ್ಲಿದೆ ನೋಡಿ. ಅಷ್ಟು ಟ್ಯಾಕ್ಸಿಗಳಲ್ಲಿ ಬ್ರೂಕ್ಲಿನ್ನಿಗೆ ಬರಲು ಒಪ್ಪಿದವನು ಬ್ರೂಕ್ಲಿನ್ ಎಲ್ಲಿದೆ ಎಂದೇ ತಿಳಿಯದವನು. ಕೆಲಸ ಕಲಿತವರೆಲ್ಲ ಒಲ್ಲೆ ಎಂದರು, ಕಲಿಯದವನು ಬಾ ಎಂದ. ಇದೇ ಊರಿನ ಮೇಲೆ 1976ರಲ್ಲಿ ಮಾರ್ಟಿನ್ ಸ್ಕಾರ್ಸೇಸಿ ಮಾಡಿದ 'ಟ್ಯಾಕ್ಸಿ ಡ್ರೈವರ್' ಚಿತ್ರವನ್ನು ಇದರ ಪಕ್ಕ ಇಟ್ಟರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅದರ ನಾಯಕ ಟ್ರ್ಯಾವಿಸ್ ಬಿಕಲ್ ಕೆಲಸ ಕೇಳಲು ಹೋದಾಗಲೇ ಯಾವ ಹೊತ್ತಿಗಾದರೂ, ಎಲ್ಲಿಗಾದರೂ ಓಡಿಸಲು ಸಿದ್ಧ ಎನ್ನುತ್ತಾನೆ. ಬೇರೆ ಚಾಲಕರು ಕಾಲಿಡದ ಬ್ರಾಂಕ್ಸಿಗೂ ಹಾರ್ಲೆಮ್ಮಿಗೂ ಅವನು ಹೋಗುತ್ತಾನೆ. ಯಾಕೆ? ಅವನಿಗೆ ನಿದ್ದೆ ಬರುವುದಿಲ್ಲ, ಮನೆಯಲ್ಲಿ ಯಾರೂ ಇಲ್ಲ, ತಲೆಯೊಳಗೆ ಏನೋ ಕುದಿಯುತ್ತಿದೆ. ಆ ಊರಿನ ಎರಡು ಪ್ರಸಿದ್ಧ ಟ್ಯಾಕ್ಸಿ ಕಥೆಗಳಲ್ಲಿ ಯಾವ ಬಾಡಿಗೆಗೂ ಇಲ್ಲ ಎನ್ನದ ಇಬ್ಬರು ಚಾಲಕರಿದ್ದಾರೆ. ಒಬ್ಬ ಬುದ್ಧಿ ಕೆಡುತ್ತಿರುವವನು, ಇನ್ನೊಬ್ಬ ಕೆಂಪು ಮೂಗು ಜೇಬಿನಲ್ಲಿಟ್ಟುಕೊಂಡ ವಿದೂಷಕ. ಹಾಗಿದ್ದರೆ ನೆಟ್ಟಗಿರುವ, ಹೆಂಡತಿ ಮಕ್ಕಳಿರುವ, ಕೆಲಸ ಬಲ್ಲ ಸಾಮಾನ್ಯ ಚಾಲಕನಿಗೆ ಏನು ಗೊತ್ತಿದೆ? ಇಬ್ಬರು ನಿರ್ದೇಶಕರೂ ಅವನನ್ನು ಪಕ್ಕದ ಗಾಡಿಯಲ್ಲಿ ದಾಟಿಹೋಗಲು ಬಿಟ್ಟಿದ್ದಾರೆ.

ಅವನಿಗೆ ಗೊತ್ತಿರುವುದು ಒಂದು ಲೆಕ್ಕ. ನ್ಯೂಯಾರ್ಕಿನ ಹಳದಿ ಟ್ಯಾಕ್ಸಿಗಳ ಸಂಖ್ಯೆಗೆ 1937ರ ಹಾಸ್ ಕಾಯಿದೆ ಮಿತಿ ಹಾಕಿತು. ಬಾನೆಟ್ಟಿಗೆ ಬಡಿದ, ಮೆಡಾಲಿಯನ್ ಎಂದು ಕರೆಯುವ ತಗಡಿನ ಬಿಲ್ಲೆ ಇದ್ದರೆ ಮಾತ್ರ ಬೀದಿಯಲ್ಲಿ ಕೈ ಮಾಡಿದವರನ್ನು ಹತ್ತಿಸಿಕೊಳ್ಳಬಹುದು. ಆ ಬಿಲ್ಲೆಗಳ ಸಂಖ್ಯೆ 11,787ಕ್ಕೆ ನಿಂತು, 1996ರವರೆಗೂ ಅಲ್ಲಿಂದ ಕದಲಲಿಲ್ಲ. ಬಿಲ್ಲೆ ಒಂದು ಕೈಯಲ್ಲಿ, ಸ್ಟಿಯರಿಂಗ್ ಇನ್ನೊಂದು ಕೈಯಲ್ಲಿ. 1979ರಲ್ಲಿ ಲೀಸ್ ಪದ್ಧತಿಗೆ ಒಪ್ಪಿಗೆ ಸಿಕ್ಕ ಮೇಲೆ, ದುಡಿದದ್ದರಲ್ಲಿ ಪಾಲು ಪಡೆಯುತ್ತಿದ್ದ ಚಾಲಕ ಹನ್ನೆರಡು ಗಂಟೆಯ ಪಾಳಿಗೆ ಇಷ್ಟು ಎಂದು ಮಾಲೀಕನಿಗೆ ಮೊದಲೇ ಕಟ್ಟುವವನಾದ. ಪೆಟ್ರೋಲೂ ಅವನದೇ. ನಮ್ಮ ಆಟೋ ನಿಲ್ದಾಣದ ಭಾಷೆಯಲ್ಲಿ ಇದನ್ನು ಹೇಳುವುದು ಸುಲಭ. ಚಾಲಕ ಮಾಲೀಕನಿಗೆ ಕೊಡುವುದೂ ಬಾಡಿಗೆ, ಪ್ರಯಾಣಿಕನಿಂದ ಪಡೆಯುವುದೂ ಬಾಡಿಗೆ. ಕನ್ನಡದ ಆ ಒಂದೇ ಮಾತು ಎರಡು ಹೊರೆಯನ್ನೂ ಹೊತ್ತಿದೆ. ಮೊದಲನೆಯದು ಗಡಿಯಾರದಂತೆ ಓಡುತ್ತಲೇ ಇರುತ್ತದೆ, ಎರಡನೆಯದು ಸಿಕ್ಕರೆ ಸಿಕ್ಕಿತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪಾಳಿಯ ಬಾಡಿಗೆ ಮತ್ತು ಪೆಟ್ರೋಲು ಸೇರಿ 150 ಡಾಲರು, ಗಂಟೆಗೆ ಸಂಪಾದನೆ 25 ಡಾಲರು ಎಂದಾದರೆ ಮೊದಲ ಆರು ಗಂಟೆ ಅವನು ದುಡಿಯುವುದು ಮಾಲೀಕನಿಗೆ. ತನ್ನ ಮನೆಯ ಅಕ್ಕಿ ಬೇಳೆ ಶುರುವಾಗುವುದು ಏಳನೆಯ ಗಂಟೆಯಿಂದ. ಈ ಸ್ಥಿತಿಯಲ್ಲಿ ಒಬ್ಬರು ಬಂದು ಬ್ರೂಕ್ಲಿನ್ನಿನ ಒಳಗಿನ ಬೀದಿಯೊಂದರ ಹೆಸರು ಹೇಳುತ್ತಾರೆ. ಹೋಗುವ ಅರ್ಧ ಗಂಟೆಗೆ ಮೀಟರು ಓಡುತ್ತದೆ. ಮರಳುವ ಅರ್ಧ ಗಂಟೆ ಖಾಲಿ. ಅದೇ ಒಂದು ಗಂಟೆ ಮ್ಯಾನ್‌ಹಟನ್ನಿನಲ್ಲೇ ಸುತ್ತಿದರೆ ಮೂರು ನಾಲ್ಕು ಸಣ್ಣ ಬಾಡಿಗೆ ಸಿಗುತ್ತವೆ. ಪ್ರತಿ ಸಲ ಹೊಸಬರು ಹತ್ತಿದಾಗಲೂ ಮೀಟರು ಹಾಕಿದೊಡನೆ ಬರುವ ಆರಂಭದ ಮೊತ್ತ ಕೈಸೇರುತ್ತದೆ. ಮೀಟರನ್ನು ಹೀಗೆ ಕಟ್ಟಿದವರೇ ಚಾಲಕನಿಗೆ ನಡುವಿನಲ್ಲೇ ಸುತ್ತು ಎಂದು ಕಲಿಸಿದ್ದಾರೆ. ಅವನಿಗೆ ಬ್ರೂಕ್ಲಿನ್ ದೂರದ ಊರಲ್ಲ, ಖಾಲಿ ಬರಬೇಕಾದ ಊರು. ಎಲ್ಲಿ ಒಬ್ಬನನ್ನು ಇಳಿಸಿದ ಜಾಗದಲ್ಲೇ ಇನ್ನೊಬ್ಬ ಹತ್ತುತ್ತಾನೋ ಅಲ್ಲಿಯವರೆಗೆ ನಗರದ ನಡು. ಎಲ್ಲಿಂದ ಖಾಲಿ ಮರಳಬೇಕೋ ಅಲ್ಲಿಗೆ ಅದು ಮುಗಿಯಿತು.

ಈ ಅಂಚು ಜಾಗಕ್ಕೆ ಅಂಟಿಕೊಂಡದ್ದೂ ಅಲ್ಲ ಎನ್ನುವುದಕ್ಕೆ ಕ್ವೀನ್ಸ್‌ನವರಾದ ನಮಗೆ ಗೊತ್ತಿರುವ ಒಂದು ತಮಾಷೆ ಇದೆ. ಮಿಡ್‌ಟೌನಿನಿಂದ ಫ್ಲಶಿಂಗ್‌ಗೆ, ಗಣೇಶನ ದೇವಸ್ಥಾನದ ಬೀದಿಗೆ, ರಾತ್ರಿ ಹತ್ತಕ್ಕೆ ಬನ್ನಿ ಎಂದರೆ ಮುಖ ಸಿಂಡರಿಸುವ ಟ್ಯಾಕ್ಸಿಯವರು ಸಂಜೆ ನಾಲ್ಕೂವರೆಗೆ ಕರೆದರೆ ನಗುತ್ತ ಬಾಗಿಲು ತೆಗೆಯುತ್ತಾರೆ. ಪಾಳಿ ಬದಲಾಗುವುದು ಐದರ ಸುಮಾರಿಗೆ, ಗಾಡಿ ಒಪ್ಪಿಸಬೇಕಾದ ಗ್ಯಾರೇಜುಗಳಲ್ಲಿ ಬಹಳಷ್ಟು ಇರುವುದು ಕ್ವೀನ್ಸ್‌ನಲ್ಲಿ. ಆ ಒಂದು ಗಂಟೆ ಮ್ಯಾನ್‌ಹಟನ್ನಿನೊಳಗಿನ ಪ್ರಯಾಣಿಕನೇ ಹೊರಗಿನವನು, ಕ್ವೀನ್ಸ್‌ನವನೇ ರಾಜ. ಇನ್ನೂ ಒಂದು ಮಾತು. ಕ್ವೀನ್ಸ್ ಬೇಡ ಎನ್ನುವ ಆ ಚಾಲಕನ ಮನೆಯೂ ಎಷ್ಟೋ ಸಲ ಕ್ವೀನ್ಸ್‌ನಲ್ಲೇ ಇರುತ್ತದೆ. ಅಲ್ಲಿಯ ಜನ, ಅಲ್ಲಿಯ ಬೀದಿ ಕಂಡರೆ ಅವನಿಗೆ ಅಸಹ್ಯ ಎಂದು ತಿಳಿಯುವುದು ಅನ್ಯಾಯ. ತಾನು ವಾಸಿಸುವ ಜಾಗಕ್ಕೇ ಬಾಡಿಗೆ ಒಲ್ಲೆ ಎನ್ನಬೇಕಾದ ಸ್ಥಿತಿ ಅವನದು.

ಕಾನೂನು ಏನು ಹೇಳುತ್ತದೆ? ನಗರದ ಬರೋಗಳೆಂಬ ಐದು ಭಾಗಗಳಲ್ಲಿ ಎಲ್ಲಿಗೆ ಕೇಳಿದರೂ ಹಳದಿ ಟ್ಯಾಕ್ಸಿ ಹೋಗಲೇಬೇಕು. ಪ್ರಯಾಣಿಕ ಕೂರುವ ಮೊದಲು ಎಲ್ಲಿಗೆ ಎಂದು ಕೇಳುವಂತಿಲ್ಲ. ಅದಕ್ಕೇ ಇಲ್ಲಿನ ಹಳಬರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ: ಹತ್ತು, ಬಾಗಿಲು ಹಾಕಿಕೋ, ಆಮೇಲೆ ಬಾಯಿ ಬಿಡು. ನಿರಾಕರಿಸಿದರೆ ದಂಡ. ಮೂರು ವರ್ಷದೊಳಗೆ ಮೂರು ಸಲ ಸಾಬೀತಾದರೆ ಲೈಸೆನ್ಸೇ ಹೋಗುತ್ತದೆ. ಬ್ರೂಕ್ಲಿನ್ 1898ರ ಜನವರಿ 1ರವರೆಗೆ ಬೇರೆಯೇ ನಗರವಾಗಿತ್ತು, ಅಂದು ನ್ಯೂಯಾರ್ಕಿನೊಳಗೆ ಸೇರಿತು. 2020ರ ಜನಗಣತಿಯಲ್ಲಿ ಅಲ್ಲಿ 27 ಲಕ್ಷಕ್ಕೂ ಹೆಚ್ಚು ಜನ, ಮ್ಯಾನ್‌ಹಟನ್ನಿನಲ್ಲಿ ಸುಮಾರು 17 ಲಕ್ಷ. ಆದರೂ ಬ್ರೂಕ್ಲಿನ್ನಿನವರು ಇವತ್ತಿಗೂ ಮ್ಯಾನ್‌ಹಟನ್ನಿಗೆ ಹೊರಟಾಗ "ಸಿಟಿಗೆ ಹೋಗಿಬರ್ತೀನಿ" ಎನ್ನುತ್ತಾರೆ, ಜಯನಗರದ ಅಜ್ಜಿಯರು ಪೇಟೆಗೆ ಹೋಗಿಬಂದ ಹಾಗೆ. ಕಾಗದದ ಮೇಲೆ ಊರು ಒಂದಾಗಿ ನೂರು ವರ್ಷ ಮೀರಿದೆ. ಟ್ಯಾಕ್ಸಿಯ ಕಿಟಕಿಯಲ್ಲಿ ಇನ್ನೂ ಆಗಿಲ್ಲ.

ಇಲ್ಲಿ ಚರ್ಮದ ನಿರಾಕರಣೆಯ ಮಾತಿಗೆ ಬರಬೇಕು, ಏಕೆಂದರೆ ಮೇಲಿನ ಲೆಕ್ಕ ಅದನ್ನು ವಿವರಿಸುವುದಿಲ್ಲ. 1999ರಲ್ಲಿ ಕಪ್ಪು ನಟ ಡ್ಯಾನಿ ಗ್ಲೋವರ್, ಮಗಳೊಂದಿಗೆ ಇದ್ದಾಗ ಟ್ಯಾಕ್ಸಿಗಳು ತನ್ನನ್ನು ಹತ್ತಿಸಿಕೊಳ್ಳಲಿಲ್ಲ ಎಂದು ಬಹಿರಂಗವಾಗಿ ದೂರು ಕೊಟ್ಟರು. ಅಷ್ಟು ಹೆಸರಾದ ಮುಖಕ್ಕೇ ಈ ಗತಿ ಎಂದ ಮೇಲೆ ನಗರ ನಾಚಿಕೊಂಡಿತು. ಮೇಯರ್ ರೂಡಿ ಜೂಲಿಯಾನಿಯ ಆಡಳಿತ 'ಆಪರೇಷನ್ ರೆಫ್ಯೂಸಲ್' ಎಂಬ ಕಾರ್ಯಾಚರಣೆ ಶುರುಮಾಡಿತು. ಮಾರುವೇಷದ ಅಧಿಕಾರಿಗಳು ಬೀದಿಯಲ್ಲಿ ಕೈ ಮಾಡುವುದು, ನಿರಾಕರಿಸಿದ ಚಾಲಕನ ಲೈಸೆನ್ಸನ್ನು ಅಲ್ಲಿಯೇ ಅಮಾನತು ಮಾಡುವುದು. ವಿಚಾರಣೆ ಇಲ್ಲದೆ ಹೀಗೆ ಅಮಾನತು ಮಾಡಿದ್ದು ಸಂವಿಧಾನಕ್ಕೆ ವಿರುದ್ಧ ಎಂದು ಮರುವರ್ಷವೇ ಫೆಡರಲ್ ನ್ಯಾಯಾಲಯವೊಂದು ಹೇಳಿತು.

ಆ ಹೊತ್ತಿಗೆ ಹಳದಿ ಟ್ಯಾಕ್ಸಿಯ ಸ್ಟಿಯರಿಂಗ್ ಹಿಡಿದವರಲ್ಲಿ ದೊಡ್ಡ ಪಾಲು ಪಂಜಾಬ್, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಬಂದವರು. ಅಂದರೆ ನಮ್ಮ ನೆರೆಯವರು, ಜ್ಯಾಕ್ಸನ್ ಹೈಟ್ಸ್‌ನಲ್ಲಿ ನಮ್ಮ ಪಕ್ಕದಲ್ಲೇ ತರಕಾರಿ ಕೊಳ್ಳುವವರು. ಈ ಹಂತದಲ್ಲಿ ಎರಡು ಸುಲಭದ ದಾರಿಗಳಿವೆ, ಎರಡೂ ತಪ್ಪು. ಚಾಲಕ ಬಡವ, ವಲಸಿಗ, ಅವನೂ ತುಳಿತಕ್ಕೊಳಗಾದವನು, ಆದ್ದರಿಂದ ಅವನ ನಿರಾಕರಣೆಯೆಲ್ಲ ಹೊಟ್ಟೆಪಾಡು ಎನ್ನುವುದು ಒಂದು. ಖಾಲಿ ಮರಳುವ ಲೆಕ್ಕ ಬ್ರೂಕ್ಲಿನ್ನಿಗೆ ಅನ್ವಯಿಸೀತು, ಕಪ್ಪು ಮನುಷ್ಯನೊಬ್ಬ ಬಾಯಿ ತೆರೆಯುವ ಮೊದಲೇ ವೇಗ ಹೆಚ್ಚಿಸುವುದಕ್ಕೆ ಅನ್ವಯಿಸುವುದಿಲ್ಲ. ಅವನು ಮೂರು ಬೀದಿಯಾಚೆಯ ಹೋಟೆಲಿಗೆ ಹೊರಟಿರಬಹುದು. "ಅವರು ದೂರದ ಕಡೆಯವರೇ ಇರ್ತಾರೆ" ಎಂಬ ಸಮಜಾಯಿಷಿಯಲ್ಲಿ ಲೆಕ್ಕ ಜಾತಿಯ ವೇಷ ಹಾಕಿಕೊಳ್ಳುತ್ತದೆ. ಮುಖ ನೋಡಿ ಊರು ಹೇಳುವುದು, ಹೆಸರು ಕೇಳಿ ಕುಲ ತಿಳಿಯುವುದು ನಮ್ಮ ನಾಡಿನವರಿಗೆ ಹೊಸ ವಿದ್ಯೆಯೇನಲ್ಲ. ಸಾಮಾನಿನ ಜೊತೆಗೆ ಅದನ್ನೂ ಕಟ್ಟಿಕೊಂಡು ಬಂದಿದ್ದೇವೆ. ಇನ್ನೊಂದು ಸುಲಭದ ದಾರಿ ಜೂಲಿಯಾನಿಯವರದು. ಎಲ್ಲ ನಿರಾಕರಣೆಯನ್ನೂ ಚಾಲಕನ ದುರ್ಗುಣವೆಂದು ಬಗೆದು ಅವನೊಬ್ಬನನ್ನೇ ಹಿಡಿಯುವುದು. ಇದರಲ್ಲಿ ಪಾಳಿಯ ಬಾಡಿಗೆ ವಸೂಲು ಮಾಡುವವನು, ಬಿಲ್ಲೆಯ ಬೆಲೆ ಏರಿಸಿದವನು, ಮೀಟರು ಕಟ್ಟಿದವನು ಯಾರೂ ಕಟಕಟೆಗೆ ಬರುವುದಿಲ್ಲ. ಜಾರ್ಮುಶ್ ಎರಡು ನಿರಾಕರಣೆಗಳನ್ನು ಬೇರೆ ಬೇರೆ ತೋರಿಸಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ಒಂದಕ್ಕೆ ಶಿಕ್ಷೆ ಬೇಕು, ಇನ್ನೊಂದಕ್ಕೆ ಹೊಸ ಲೆಕ್ಕ ಬೇಕು.

ನಗರ ಹೊಸ ಲೆಕ್ಕ ಹಾಕಲಿಲ್ಲವೆಂದಲ್ಲ. ಹಳದಿ ಟ್ಯಾಕ್ಸಿಗಳು ಜನರನ್ನು ಹತ್ತಿಸಿಕೊಳ್ಳುವುದರಲ್ಲಿ ನೂರಕ್ಕೆ 95ರಷ್ಟು ಮ್ಯಾನ್‌ಹಟನ್ನಿನ 96ನೇ ಬೀದಿಯ ಕೆಳಗೆ ಮತ್ತು ಎರಡು ವಿಮಾನ ನಿಲ್ದಾಣಗಳಲ್ಲಿ ಎಂದು ಟ್ಯಾಕ್ಸಿ ಆಯೋಗವೇ ಲೆಕ್ಕ ಕೊಟ್ಟಿತು. ಅದರ ಫಲವಾಗಿ 2013ರಲ್ಲಿ ಸೇಬಿನ ಹಸಿರು ಬಣ್ಣದ ಹೊಸ ಟ್ಯಾಕ್ಸಿಗಳು ಬಂದವು. ಇವು ಮ್ಯಾನ್‌ಹಟನ್ನಿನ ಪೂರ್ವದಲ್ಲಿ 96ನೇ ಬೀದಿಯ, ಪಶ್ಚಿಮದಲ್ಲಿ 110ನೇ ಬೀದಿಯ ಕೆಳಗೆ ಯಾರನ್ನೂ ಹತ್ತಿಸಿಕೊಳ್ಳುವಂತಿಲ್ಲ, ಇಳಿಸಬಹುದು. ಹೊರ ಬರೋಗಳ ಜನರಿಗೆ ಇದರಿಂದ ಉಪಕಾರವಾಯಿತು. ಆದರೆ ಏನಾಯಿತೆಂದು ನೋಡಿ. ಚಾಲಕರು ಕಿಟಕಿಯಿಂದ ಎಳೆಯುತ್ತಿದ್ದ ಗೆರೆಯನ್ನೇ ಸರಕಾರ ಭೂಪಟದ ಮೇಲೆ ಹಸಿರು ಶಾಯಿಯಲ್ಲಿ ಎಳೆದುಕೊಟ್ಟಿತು. ಚಾಲಕ ಎಳೆದಾಗ ಅದು ಅಪರಾಧ, ಸರಕಾರ ಎಳೆದಾಗ ಯೋಜನೆ. 2019ರಲ್ಲಿ 96ನೇ ಬೀದಿಯ ಕೆಳಗಿನ ಪ್ರತಿ ಹಳದಿ ಟ್ಯಾಕ್ಸಿ ಪ್ರಯಾಣದ ಮೇಲೆ ಎರಡೂವರೆ ಡಾಲರು ಹೆಚ್ಚುವರಿ ಶುಲ್ಕ ಬಂತು. 2025ರ ಜನವರಿ 5ರಿಂದ 60ನೇ ಬೀದಿಯ ಕೆಳಗೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಶುರುವಾಯಿತು. ಈಗ ಆ ಊರಿನ ನಡುವಿಗೆ ಮೂರು ಅಂಚುಗಳು: ಹಸಿರು ಟ್ಯಾಕ್ಸಿಗೆ ಒಂದು, ಹೆಚ್ಚುವರಿ ಶುಲ್ಕಕ್ಕೆ ಒಂದು, ದಟ್ಟಣೆಗೆ ಒಂದು. ಮೂರನ್ನೂ ಗೊತ್ತುಮಾಡಿದ್ದು ದುಡ್ಡು.

ಲಂಡನ್ನಿನವರು ಈ ವಿಷಯದಲ್ಲಿ ಸ್ವಲ್ಪ ನೇರ. ಅಲ್ಲಿಯ ಕಪ್ಪು ಟ್ಯಾಕ್ಸಿಗಳು ರಾತ್ರಿ ಹೊತ್ತು ಥೇಮ್ಸ್ ನದಿಯ ದಕ್ಷಿಣಕ್ಕೆ ಬರುವುದಿಲ್ಲ ಎಂಬುದು ಹಳೆಯ ಗೊಣಗಾಟ. ಚಾಲಕರಾಗಲು ಅವರು ಚಾರಿಂಗ್ ಕ್ರಾಸಿನಿಂದ ಆರು ಮೈಲಿಯೊಳಗಿನ ಬೀದಿಗಳನ್ನೆಲ್ಲ ಬಾಯಿಪಾಠ ಮಾಡಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಆದರೆ ಎಲ್ಲಿಯವರೆಗೆ ಹೋಗಲೇಬೇಕು ಎಂಬುದನ್ನು ಅಲ್ಲಿಯ ನಿಯಮ ಬಾಯಿಬಿಟ್ಟು ಹೇಳುತ್ತದೆ: ಸಾಮಾನ್ಯವಾಗಿ ಹನ್ನೆರಡು ಮೈಲಿ, ಹೀಥ್ರೂ ವಿಮಾನ ನಿಲ್ದಾಣದಿಂದ ಇಪ್ಪತ್ತು. ಅದರಾಚೆಗೆ ಚೌಕಾಸಿ. ನ್ಯೂಯಾರ್ಕಿನ ನಿಯಮದಲ್ಲಿ ದಯೆ ಹೆಚ್ಚು, ಎಲ್ಲರೂ ಒಂದೇ ಊರಿನವರು ಎನ್ನುತ್ತದೆ. ಆ ದಯೆಯ ಖರ್ಚನ್ನು ಮಾತ್ರ ಚಾಲಕನ ಜೇಬಿನಿಂದ ತೆಗೆಯುತ್ತದೆ.

ಬೇರೆ ರೀತಿ ಮಾಡಬಹುದು ಎನ್ನುವುದಕ್ಕೆ ಅದೇ ನ್ಯೂಯಾರ್ಕಿನಲ್ಲಿ ಸಾಕ್ಷಿ ಇದೆ. ಕೆನಡಿ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿಗಳು ಗಂಟೆಗಟ್ಟಲೆ ಸರದಿಯಲ್ಲಿ ಕಾಯುತ್ತವೆ. ಅಷ್ಟು ಕಾದವನಿಗೆ ಪಕ್ಕದ ಬಡಾವಣೆಯ ಸಣ್ಣ ಬಾಡಿಗೆ ಸಿಕ್ಕರೆ ಅವತ್ತಿನ ದುಡಿಮೆ ಮುಳುಗಿದಂತೆ. ಆದ್ದರಿಂದ ಅಂಥವನಿಗೆ ಒಂದು ಚೀಟಿ ಕೊಡುವ ಪದ್ಧತಿ ಬಂತು. ಚಾಲಕರು ಅದನ್ನು 'ಶಾರ್ಟಿ' ಎನ್ನುತ್ತಾರೆ. ಪ್ರಯಾಣಿಕನನ್ನು ಇಳಿಸಿ ಗೊತ್ತಾದ ಹೊತ್ತಿನೊಳಗೆ ಮರಳಿದರೆ ಮತ್ತೆ ಸರದಿಯ ಬಾಲಕ್ಕೆ ನಿಲ್ಲಬೇಕಾಗಿಲ್ಲ. ಉಪದೇಶವಿಲ್ಲ, ಮಾರುವೇಷದ ಪೊಲೀಸರಿಲ್ಲ. ಚಾಲಕನ ನಷ್ಟವಾದ ಹೊತ್ತಿಗೆ ಒಂದು ಬೆಲೆ ಇದೆಯೆಂದು ಒಪ್ಪಿಕೊಂಡದ್ದು, ಅಷ್ಟೆ. ಇಡೀ ನಗರದಲ್ಲಿ ಖಾಲಿ ಮರಳುವ ಹೊತ್ತಿಗೆ ಇಂಥದೊಂದು ಚೀಟಿ ಹುಟ್ಟಲಿಲ್ಲ. ಹುಟ್ಟಿದ್ದು ಬಿಲ್ಲೆಯ ಜೂಜು. ಅದರ ಬೆಲೆ ಹತ್ತು ಲಕ್ಷ ಡಾಲರು ದಾಟಿ, ಆ್ಯಪ್ ಟ್ಯಾಕ್ಸಿಗಳು ಬಂದ ಮೇಲೆ ಕುಸಿದು, ಸಾಲ ಮಾಡಿ ಬಿಲ್ಲೆ ಕೊಂಡ ಚಾಲಕರು ಮುಳುಗಿದರು. 2018ರಲ್ಲಿ ಕೆಲವರು ಜೀವ ಕಳೆದುಕೊಂಡರು. 2021ರಲ್ಲಿ ಟ್ಯಾಕ್ಸಿ ವರ್ಕರ್ಸ್ ಅಲಯನ್ಸ್ ಎಂಬ ಸಂಘದ ಚಾಲಕರು ಸಿಟಿ ಹಾಲ್ ಮುಂದೆ ಹದಿನೈದು ದಿನ ಉಪವಾಸ ಕೂತ ಮೇಲೆ ಸಾಲದ ಅಸಲನ್ನು 1,70,000 ಡಾಲರಿಗೆ ಇಳಿಸುವ ಒಪ್ಪಂದವಾಯಿತು.

ಈಗ ಸಿನಿಮಾಕ್ಕೆ ಮರಳಿದರೆ ಅದು ಮುಚ್ಚಿಟ್ಟ ಅರ್ಧ ಕಾಣುತ್ತದೆ. ಬ್ರೂಕ್ಲಿನ್ ತಲುಪಿ ಯೋಯೋ ದುಡ್ಡು ಎಣಿಸಿಕೊಡುವಾಗ, ಹೆಲ್ಮುಟ್ ದುಡ್ಡು ಬೇಕು, ಆದರೆ ದುಡ್ಡು ತನಗೆ ಮುಖ್ಯವಲ್ಲ ಎಂಬರ್ಥದ ಮಾತಾಡುತ್ತಾನೆ. ಪ್ರೇಕ್ಷಕರ ಮನಸ್ಸು ಕರಗುವುದು ಅಲ್ಲೇ. ನನಗೆ ಸಿನಿಮಾ ಕೈಕೊಟ್ಟಿತು ಅನ್ನಿಸುವುದೂ ಅಲ್ಲೇ. ಪಾಳಿಯ ಬಾಡಿಗೆ ಕಟ್ಟಬೇಕಾದವನು ಆ ಮಾತು ಆಡಲಾರ. ಅದನ್ನು ಆಡಿಸುವುದಕ್ಕೇ ಜಾರ್ಮುಶ್‌ಗೆ ವಿದೂಷಕ ಬೇಕಾಯಿತು. ನಗರದ ಗಂಟನ್ನು ಒಬ್ಬನ ಒಳ್ಳೆಯತನದಿಂದ ಬಿಚ್ಚಿದಂತೆ ತೋರಿಸಿದರೆ, ದಾಟಿಹೋದ ಉಳಿದ ಚಾಲಕರೆಲ್ಲ ಒಳ್ಳೆಯತನ ಇಲ್ಲದವರಾಗುತ್ತಾರೆ. ನಮ್ಮ ಕಡೆಯೂ ಹೀಗೇ ಆಗಿದೆ. 1980ರ 'ಆಟೋ ರಾಜ'ದಿಂದ ಈಚೆಗೆ ಶಂಕರ್ ನಾಗ್ ಅವರ ಚಿತ್ರ ಬೆಂಗಳೂರಿನ ಎಷ್ಟೋ ಆಟೋಗಳ ಬೆನ್ನ ಮೇಲಿದೆ. ಅದು ಚಾಲಕರು ತಮಗೆ ತಾವೇ ಕೊಟ್ಟುಕೊಂಡ ಗೌರವ, ಅದಕ್ಕೆ ಕೈ ಮುಗಿಯಬೇಕು. ಆದರೆ ಪ್ರಯಾಣಿಕರಾದ ನಾವು ಆ ಚಿತ್ರವನ್ನು ಅಳತೆಗೋಲು ಮಾಡಿಕೊಂಡು, ಒನ್ ಅಂಡ್ ಹಾಫ್ ಕೇಳಿದವನನ್ನೆಲ್ಲ ರಾಜನಲ್ಲ ಎಂದು ಬೈಯುತ್ತೇವೆ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು ಕೇಳುವುದು ನಿಯಮದಲ್ಲೇ ಇದೆ ಎಂಬುದೂ ಸಿಟ್ಟಿನಲ್ಲಿ ಮರೆತುಹೋಗುತ್ತದೆ.

ಇಷ್ಟು ಹೇಳಿ, ಜಾರ್ಮುಶ್‌ಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಯೋಯೋ ಇಳಿದುಹೋದ ಮೇಲೂ ಅವರ ಕ್ಯಾಮೆರಾ ಹೆಲ್ಮುಟ್‌ನನ್ನು ಬಿಡುವುದಿಲ್ಲ. ಮ್ಯಾನ್‌ಹಟನ್ನಿಗೆ ಮರಳುವ ದಾರಿಯನ್ನು ಹೇಳಿಸಿಕೊಂಡು ಹೊರಟವನು ಮೊದಲ ತಿರುವಿನಲ್ಲೇ ತಪ್ಪುತ್ತಾನೆ. ಹಿಂದಿನ ಸೀಟು ಖಾಲಿ, ಹೊರಗೆ ಪೊಲೀಸ್ ದೀಪಗಳು, ಗೊತ್ತಿಲ್ಲದ ಬೀದಿಗಳು. ಮುಖದ ನಗು ನಿಧಾನವಾಗಿ ಇಳಿಯುತ್ತದೆ. ಟ್ಯಾಕ್ಸಿಯ ಕಥೆಗಳು ಪ್ರಯಾಣಿಕ ಇಳಿದಲ್ಲಿಗೆ ಮುಗಿಯುತ್ತವೆ. ಚಾಲಕ ಖಾಲಿ ಮರಳುವುದನ್ನು ಒಂದೆರಡು ನಿಮಿಷವಾದರೂ ತೋರಿಸಿದ್ದು ಈ ಚಿತ್ರ. ಇಡೀ ಕಂತಿನಲ್ಲಿ ನಗು ಬರದ ಭಾಗ ಅದೊಂದೇ, ನಿಜಕ್ಕೆ ಹತ್ತಿರದ ಭಾಗವೂ ಅದೇ.

ಅದರ ಮುಂದಿನ ಪ್ಯಾರಿಸ್ ಕಂತಿನಲ್ಲಿ ಇನ್ನೊಂದು ನಿರಾಕರಣೆ ಇದೆ. ಐವರಿ ಕೋಸ್ಟ್‌ನಿಂದ ಬಂದ ಕಪ್ಪು ಚಾಲಕನನ್ನು (ಇಸಾಕ್ ದ ಬಾಂಕೊಲೆ) ಕ್ಯಾಮೆರೂನಿನ ಇಬ್ಬರು ದೊಡ್ಡ ಮನುಷ್ಯರು ಹಿಂದೆ ಕೂತು ಗೇಲಿ ಮಾಡುತ್ತ ಬರುತ್ತಾರೆ. ಒಂದು ಹಂತದಲ್ಲಿ ಅವನು ಗಾಡಿ ನಿಲ್ಲಿಸಿ ಇಬ್ಬರನ್ನೂ ಇಳಿಸಿಬಿಡುತ್ತಾನೆ. ಬಾಡಿಗೆ ಹೋದರೆ ಹೋಗಲಿ ಎಂಬ ಈ "ಬರಲ್ಲ"ದಲ್ಲಿ ಮಾನವಿದೆ. ಮೂರು ಬಗೆಯ ನಿರಾಕರಣೆಗಳು ಹೀಗೆ ಒಂದೇ ಚಿತ್ರದಲ್ಲಿ ಸಿಗುತ್ತವೆ: ಚರ್ಮ ನೋಡಿ ಮಾಡಿದ್ದು, ಖಾಲಿ ಮರಳುವ ಭಯಕ್ಕೆ ಮಾಡಿದ್ದು, ಮಾನಕ್ಕಾಗಿ ಮಾಡಿದ್ದು. ದುಡಿಯುವವನಿಗೆ ಮೂರನೆಯ ಹಕ್ಕು ಉಳಿಯಬೇಕು. ಮೊದಲನೆಯದು ಯಾರಿಗೂ ಇರಕೂಡದು. ನಡುವಿನದನ್ನು ನಿರ್ಧರಿಸಬೇಕಾದವರು ಬೀದಿಯಲ್ಲಿಲ್ಲ, ಕಚೇರಿಗಳಲ್ಲಿದ್ದಾರೆ.

ಆ್ಯಪ್ ಬಂದ ಮೇಲೆ ಇದೆಲ್ಲ ಹಳೆಯ ಕಥೆ ಎನ್ನುವವರಿದ್ದಾರೆ. ಬಾಸ್ಟನ್‌ನಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಪ್ಪು ಜನರದೆಂದು ತೋರುವ ಹೆಸರಿನವರ ಸವಾರಿಗಳು ಉಳಿದವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ರದ್ದಾದದ್ದು ಕಂಡುಬಂತು. ಬೆಂಗಳೂರಿನಲ್ಲಿ ಚಾಲಕ ಫೋನು ಮಾಡಿ "ಎಲ್ಲಿಗೆ ಸಾರ್? ಕ್ಯಾಶಾ, ಆನ್‌ಲೈನಾ?" ಎಂದು ಕೇಳಿ, ಆಮೇಲೆ ಭೂಪಟದ ಮೇಲೆ ಕದಲದೆ ನಿಂತುಬಿಡುವುದನ್ನು ರಜೆಗೆ ಊರಿಗೆ ಹೋದವರೆಲ್ಲ ಕಂಡಿದ್ದೇವೆ. ನಾವೇ ಬೇಸತ್ತು ರದ್ದು ಮಾಡಲಿ ಎಂದು ಕಾಯುವುದು ಅದು. ಕಿಟಕಿಯ "ಬರಲ್ಲ" ಮೌನವಾಗಿದೆ, ಅಷ್ಟೆ. ಖಾಲಿ ಮರಳುವ ಹೊತ್ತು ಈಗಲೂ ಚಾಲಕನದೇ.

ಹೊರನಾಡ ಕನ್ನಡಿಗರ ಊಟದ ಮೇಜಿನ ಮೇಲೆ ಆಟೋದವರ ದಬ್ಬಾಳಿಕೆಯ ಕಥೆಗಳಿಗೆ ಬರವಿಲ್ಲ. ಆ ಕಥೆಗಳು ನಿಜ, ಸಿಟ್ಟೂ ನ್ಯಾಯವಾದದ್ದೇ. ರಾತ್ರಿ ಹನ್ನೊಂದಕ್ಕೆ ಸೂಟ್‌ಕೇಸು ಹಿಡಿದು ನಿಂತವರಿಗೆ ಅರ್ಥಶಾಸ್ತ್ರ ಬೇಕಿಲ್ಲ, ಗಾಡಿ ಬೇಕು. ಮುಂದಿನ ಸಲ ಆ ಕಥೆ ಹೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಂಡರೆ ಸಾಕು: ನಮ್ಮನ್ನು ಮನೆಯ ಬಾಗಿಲಲ್ಲಿ ಇಳಿಸಿದ ಮೇಲೆ ಅವನು ಎಷ್ಟು ದೂರ ಖಾಲಿ ಹೋಗಬೇಕಿತ್ತು, ಆ ದೂರದ ದುಡ್ಡನ್ನು ಯಾರು ಕೊಡಬೇಕಿತ್ತು? ಹೆಲ್ಮುಟ್ ಮ್ಯಾನ್‌ಹಟನ್ನಿಗೆ ಮರಳಿದನೋ ಇಲ್ಲವೋ ತಿಳಿಸದೆ ಜಾರ್ಮುಶ್ ಪ್ಯಾರಿಸ್ಸಿಗೆ ಹೊರಟುಬಿಡುತ್ತಾರೆ. ಯೋಯೋ ಮಾತ್ರ ಆ ಹೊತ್ತಿಗೆ ಬೆಚ್ಚಗೆ ಮನೆ ಸೇರಿರುತ್ತಾನೆ.